ಇಸ್ತ್ರಿ ಮೇಜಿನ ಪಕ್ಕದ ಬೆಚ್ಚನೆಯ ಅನ್ನ

ಇಸ್ತ್ರಿ ಅಂಗಡಿಯ ಅಜ್ಜಿಗೆ ಆ ದಿನ ಯಾರ ಮುಖ ನೋಡಲೂ ಮನಸ್ಸಿರಲಿಲ್ಲ. ಮುದ್ದಿಗೆ ಬಟಾಣಿ ಎಂದು ಕರೆಯುವ ಮೊಮ್ಮಗಳು ಹಿಂದಿನ ಸಂಜೆ ಉಂಡ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡು ಬಾಡಿದ ಸೊಪ್ಪಿನಂತಾಗಿದ್ದಳು. ಇದು ಮೊದಲ ಸಲವೂ ಅಲ್ಲ. "ಇನ್ಮೇಲೆ ಅತ್ತೆ ಮಾಡಿದ ಅನ್ನ ಮಗೂಗೆ ಬೇಡ" ಎಂದು ಸೊಸೆ ಗಂಡನ ಹತ್ತಿರ ಮೆಲ್ಲಗೆ ಅಂದದ್ದು ಅಜ್ಜಿಯ ಕಿವಿಗೆ ಬಿದ್ದಿತ್ತು. ಹುಟ್ಟಿದಾಗಿನಿಂದ ತುತ್ತು ಮಾಡಿ ತಿನ್ನಿಸಿದ ಕೈ ಅದು!

ಇಸ್ತ್ರಿಗೆ ಕೊಟ್ಟ ಸಮವಸ್ತ್ರ ಒಯ್ಯಲು ಬಂದ ನರ್ಸಮ್ಮ ಮೊದಲು ಮಗುವಿನ ಕಣ್ಣು, ನಾಲಿಗೆ ನೋಡಿದರು. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಹೇಳಿದರು. ಅನ್ನ ಉಂಡ ಮೇಲೇ ವಾಂತಿಯಾದದ್ದು ಎಂದು ಕೇಳಿ ತಿಳಿದು, "ಮಾಡಿದ ಅನ್ನ ಎಲ್ಲಿಡ್ತೀರಿ ಅಜ್ಜಿ?" ಎಂದರು.

ಅಜ್ಜಿ ಬಿಸಿ ಚಾದರಗಳ ಗಂಟು ಸರಿಸಿದಳು. ನಡುವೆ ಅನ್ನದ ಪಾತ್ರೆ ಬೆಚ್ಚಗೆ ಕೂತಿತ್ತು. "ಬೆಳಗ್ಗೆ ಬೇಯಿಸಿ ಇಲ್ಲಿಟ್ರೆ ಸಂಜೆವರೆಗೂ ತಣ್ಣಗಾಗಲ್ಲ. ಸಂಜೆ ಗಿರಾಕಿ ಮುಗಿಬೀಳೋ ಹೊತ್ತಲ್ಲಿ ಒಲೆ ಮುಂದೆ ಯಾರು ನಿಲ್ತಾರೆ?"

"ಚಾದರದಲ್ಲಿ ಅನ್ನದ ವಾಸನೆ ಅಂತ ಗಿರಾಕಿ ಬೈದದ್ದು ಇದಕ್ಕೇನಾ!" ಎಂದ, ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಮಗ.

"ನೀನು ಸುಮ್ನಿರೋ!"

ನರ್ಸಮ್ಮ ನಕ್ಕರು. "ಅಜ್ಜಿ, ಅಕ್ಕಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಬೇಯಿಸುವಾಗ ಕೆಲವು ಗಟ್ಟಿ ಚಿಪ್ಪಿನೊಳಗೆ ನಿದ್ದೆ ಹೋಗಿ ಬದುಕಿಕೊಳ್ತವೆ. ಉಗುರುಬೆಚ್ಚಗೆ ಇಟ್ಟರೆ ಎದ್ದು ಕೂರ್ತವೆ."

"ಎದ್ದು ಏನ್ ಮಾಡ್ತವಂತೆ?"

"ಅವುಗಳೊಳಗೆ ಜೀನ್ ಅಂತ ಇರುತ್ತೆ. ಯಾವ ಕೆಲಸ ಹೇಗೆ ಮಾಡಬೇಕು ಅನ್ನೋ ಅಪ್ಪಣೆ. ಎಲ್ಲ ಅಪ್ಪಣೆನೂ ಒಟ್ಟಿಗೆ ನಡೆಯಲ್ಲ. ನೀವು ಬಟ್ಟೆ ನೋಡಿ ಇಸ್ತ್ರಿಪೆಟ್ಟಿಗೆ ಶಾಖ ತಿರುಗಿಸ್ತೀರಲ್ಲ, ಹಾಗೆ ಅವೂ ಹೊತ್ತು ನೋಡಿ ಒಂದನ್ನ ಹಚ್ಚಿ ಇನ್ನೊಂದನ್ನ ಆರಿಸ್ತವೆ. ಊಟ ಬೇಕಾದಷ್ಟಿದ್ದಾಗ ತಿನ್ನು, ಬೆಳೆ, ಎರಡಾಗು ಅನ್ನೋ ಜೀನ್‌ಗಳ ಕಾರುಬಾರು. ಸಂತಾನ ಹೆಚ್ಚಿ ಪಾತ್ರೆ ಕಿಕ್ಕಿರಿದಾಗ ವಿಷ ಮಾಡೋ ಜೀನ್‌ಗಳು ಎಚ್ಚರ ಆಗ್ತವೆ."

"ನಾನು ಹಬೆ ಏಳೋ ಹಾಗೆ ಮತ್ತೆ ಬಿಸಿ ಮಾಡೇ ಬಡಿಸ್ತೀನಿ ಕಣಮ್ಮ!"

"ಬ್ಯಾಕ್ಟೀರಿಯಾ ಸಾಯಬಹುದು ಅಜ್ಜಿ. ಅವು ಮಾಡಿಟ್ಟ ವಿಷ ಬಿಸಿಗೆ ಬಗ್ಗಲ್ಲ. ಹಾವನ್ನ ಕೊಂದರೆ ಏರಿದ ವಿಷ ಇಳಿಯುತ್ತಾ?"

ಅಜ್ಜಿ ಪಾತ್ರೆಯನ್ನೇ ನೋಡುತ್ತ ನಿಂತಳು. "ಹಂಗಾದ್ರೆ ನನ್ನ ಕೈಯಾರೆ ನಾನೇ..." ಎಂದು ತನ್ನ ಕೈಗಳನ್ನು ನೋಡಿಕೊಂಡಳು.

ಮಗುವಿನ ಪಕ್ಕ ಕೂತಿದ್ದ ಸೊಸೆ ಎದ್ದು ಹತ್ತಿರ ಬಂದಳು. "ತಪ್ಪು ನಿಮ್ಮ ಕೈಯದಲ್ಲ ಅತ್ತೆ, ಆ ಗಂಟಿನ ಬಿಸಿಯದು. ನಂಗೂ ಗೊತ್ತಿರಲಿಲ್ಲ, ಸುಮ್ನೆ ಅಂದುಬಿಟ್ಟೆ."

"ಸಂಜೆ ಅನ್ನ ನಾನು ಇಡ್ತೀನಮ್ಮ" ಎಂದ ಮಗ.

"ನೀನಾ? ನೀರು ಕಾಯಿಸಿದ್ರೂ ಸೀಯಿಸೋನು! ನೀನು ಇಸ್ತ್ರಿಪೆಟ್ಟಿಗೆ ಹಿಡಿ, ಒಲೆ ನಾನು ನೋಡ್ಕೋತೀನಿ" ಎಂದು ಅಜ್ಜಿ ಪಾತ್ರೆ ಬರಿದು ಮಾಡಲು ಎತ್ತಿಕೊಂಡಳು.

ಎರಡು ದಿನಕ್ಕೆ ಬಟಾಣಿ ಚೇತರಿಸಿಕೊಂಡಳು. ಸಂಜೆ ಒಲೆಯಿಂದಿಳಿದ ಅನ್ನವನ್ನು ಅಜ್ಜಿ ಊದಿ ಊದಿ ಆರಿಸುತ್ತಿದ್ದರೆ, "ಅಜ್ಜೀ, ಬೇಗ!" ಎಂದು ಬಾಯಿ ತೆರೆದು ಕೂತಳು. ಸೊಸೆ ತಾನೇ ತಟ್ಟೆಯನ್ನು ಅತ್ತೆಯ ಕಡೆಗೆ ಸರಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಅನ್ನವನ್ನು ಬೇಕಾದಷ್ಟೇ ಮಾಡಿ, ಬಿಸಿಯಾಗಿರುವಾಗಲೇ ಉಣ್ಣಿ. ಮಿಕ್ಕರೆ ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತ ಅನ್ನವನ್ನು ಎಷ್ಟೇ ಕಾಯಿಸಿದರೂ ಮಗುವಿನ ತಟ್ಟೆಗೆ ಹಾಕಬೇಡಿ. ಚೆಲ್ಲಲು ಹೊಟ್ಟೆ ಉರಿದರೂ ಚೆಲ್ಲಿಬಿಡಿ. ಮಗುವಿನ ಹೊಟ್ಟೆ ತಣ್ಣಗಿರಲಿ.