ಸಿಹಿ ನೀರಿನ ಸೀಸೆ

"ಔಷಧಿ ಕೆಲಸ ಮಾಡಿದೆ," ಎಂದು ಇಂಗ್ಲಿಷ್‌ನಲ್ಲಿ ಹೇಳಿದಳು ಡಾರ್ವಿನ್ ನಗರದಿಂದ ಬಂದಿದ್ದ ಡಾಕ್ಟರ್ ಇಂಗ್ರಿಡ್.

ಕ್ಲಿನಿಕ್ಕಿನ ಹಿಂದಿನ ತಗಡಿನ ಚಪ್ಪರದ ಕೆಳಗೆ ಊರಿನವರು ಕೂತಿದ್ದರು. ಮನೆಮನೆಗೆ ಸೀಸೆ ಹಂಚಿದ್ದ ಊರಿನವಳೇ ಆದ ರೊವೀನಾ ಎದ್ದು ನಿಂತು ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದಳು. ದಿನಾ ಔಷಧಿ ಕುಡಿದ ಮಕ್ಕಳಲ್ಲಿ ಕಿವಿ ಸೋರಿದ್ದು ಕಡಿಮೆ, ಬರೀ ಸಿಹಿ ನೀರು ಕುಡಿದ ಮಕ್ಕಳಲ್ಲಿ ಜಾಸ್ತಿ. ಇನ್ನು ಮೇಲೆ ಊರಿನ ಎಲ್ಲ ಹಸುಗೂಸುಗಳಿಗೂ ಔಷಧಿಯೇ ಸಿಗುತ್ತದೆ, ಸುತ್ತಲಿನ ಊರುಗಳಿಗೂ.

ಹಿರಿಯರ ಗುಂಪಿನ ಮುಖ್ಯಸ್ಥ ಕ್ಲಾರೆನ್ಸ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಅಂತೂ ನಮ್ಮ ಮಕ್ಕಳ ಕಿವಿ ನೋಡ್ತಾ ನೋಡ್ತಾ ಡಾರ್ವಿನ್‌ನವರಿಗೂ ಸ್ವಲ್ಪ ಕಿವಿ ಬಂತು ಅನ್ನು," ಎಂದ. ಹೆಂಗಸರು ಹೋ ಎಂದು ನಕ್ಕರು. ಇಂಗ್ರಿಡ್‌ಗೆ ಆ ಮಾತು ಅರ್ಥವಾಗಲಿಲ್ಲ. ಆದರೂ ಎಲ್ಲರೂ ನಕ್ಕಿದ್ದು ನೋಡಿ ತಾನೂ ನಕ್ಕಳು. ಯಾರೋ ಕೆಂಡದ ಮೇಲಿನ ಕಾಂಗರೂ ಬಾಲವನ್ನು ತಿರುಗಿಸಿ ಹಾಕಿದರು.

ರೊವೀನಾಗೆ ಅವತ್ತು ಹೆಮ್ಮೆಯಾಗಿತ್ತು. ಅವಳು ಚಿಕ್ಕವಳಿದ್ದಾಗಲೂ ಡಾಕ್ಟರುಗಳು ಬಂದಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆ ಅಳೆದು, ರಕ್ತ ತೆಗೆದುಕೊಂಡು, ಬಾಯಿಗೊಂದು ಮಿಠಾಯಿ ಇಟ್ಟು ಹೋಗಿದ್ದರು. ಆ ರಕ್ತದಲ್ಲಿ ಏನು ಕಂಡಿತು ಎಂದು ಹೇಳಲು ಒಬ್ಬರೂ ತಿರುಗಿ ಬರಲಿಲ್ಲ. ಅದಕ್ಕೇ ಇಂಗ್ರಿಡ್ ಮೊದಲ ಸಲ ಬಂದಾಗ ಹಿರಿಯರು ಅವಳನ್ನು ಇದೇ ಚಪ್ಪರದಲ್ಲಿ ಕೂರಿಸಿ ಕರಾರು ಹಾಕಿದ್ದರು. ಏನನ್ನು ಹುಡುಕಬೇಕು ಅನ್ನುವುದನ್ನು ನಾವು ಹೇಳುತ್ತೇವೆ. ಮನೆಮನೆಗೆ ಹೋಗುವವಳು ನಮ್ಮವಳೇ ಆಗಿರಬೇಕು. ಸಿಕ್ಕ ಉತ್ತರ ಮೊದಲು ಇಲ್ಲಿಗೆ ಬರಬೇಕು. ಹುಡುಕಬೇಕಾದದ್ದು ಕಿವಿಯ ವಿಷಯ ಎಂದು ಹೇಳಿದವರೂ ಅವರೇ. ಶಾಲೆಯಲ್ಲಿ ಹಿಂದಿನ ಸಾಲಿನ ಮಕ್ಕಳು ಮೊಂಡರೆಂದು ಬೈಸಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ಅರ್ಧ ಮಕ್ಕಳಿಗೆ ಬಣ್ಣ ಹಾಕಿದ ಸಿಹಿ ನೀರು ಎಂದಾಗ ಮಾತ್ರ ಗಲಾಟೆಯಾಗಿತ್ತು. "ಒಳ್ಳೇದು ಅಂತ ಗೊತ್ತಿದ್ರೆ ಎಲ್ರಿಗೂ ಕೊಡಿ, ಗೊತ್ತಿಲ್ದಿದ್ರೆ ಯಾರಿಗೂ ಕೊಡ್ಬೇಡಿ," ಎಂದು ಕ್ಲಾರೆನ್ಸ್ ಕೂಗಾಡಿದ್ದ. ಆಗ ಎಲ್ಲರಿಗೂ ಬಿಡಿಸಿ ಹೇಳಿದ್ದು ರೊವೀನಾ. "ಮಾವ, ಕಾಡಿಗೆ ಬೆಂಕಿ ಕೊಡೋವಾಗ ಒಂದು ಪಕ್ಕ ಸುಡ್ತೀವಿ, ಒಂದು ಪಕ್ಕ ಹಂಗೇ ಬಿಡ್ತೀವಿ. ಎರಡೂ ಇದ್ರೆ ತಾನೇ ಮಳೆ ಬಂದ್ಮೇಲೆ ಹುಲ್ಲು ಎಲ್ಲಿ ಚೆನ್ನಾಗಿ ಬಂತು ಅಂತ ತಿಳಿಯೋದು?" ಯಾವ ಸೀಸೆಯಲ್ಲಿ ಏನಿದೆ ಎಂದು ತನಗೂ ಗೊತ್ತಿರುವುದಿಲ್ಲ, ಇಂಗ್ರಿಡ್‌ಗೂ ಗೊತ್ತಿರುವುದಿಲ್ಲ, ಡಾರ್ವಿನ್‌ನಲ್ಲಿ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ ಎಂದಿದ್ದಳು. ಊರು ಒಪ್ಪಿತ್ತು.

ನಗು ನಿಂತ ಮೇಲೆ ಹಿಂದಿನಿಂದ ಲಟೋಯಾಳ ದನಿ ಬಂತು. "ಹಂಗಾದ್ರೆ ನನ್ನ ಟಲೀಶಾಗೆ ಕೊಟ್ಟಿದ್ದು ಯಾವುದು?"

ಲಟೋಯಾ ರೊವೀನಾಳ ತಂಗಿಯ ಮಗಳು. ಆ ತಂಗಿ ತೀರಿಹೋಗಿದ್ದಳು. ಸತ್ತವರ ಹೆಸರು ಹೇಳಬಾರದೆಂಬುದು ಊರಿನ ರೂಢಿ, ಹಾಗಾಗಿ ಅವಳ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಂದಿನಿಂದ ರೊವೀನಾಳೇ ಲಟೋಯಾಗೆ ತಾಯಿ. ನಾಲ್ಕು ವರ್ಷದ ಟಲೀಶಾ ಅಮ್ಮನ ಕಾಲಿಗೆ ಒರಗಿ ನಿಂತಿದ್ದಳು. ಎಡಗಿವಿಯಿಂದ ಕೆನ್ನೆಗೆ ಇಳಿದಿದ್ದ ಕೀವು ಒಣಗಿ ಹೊಳೆಯುತ್ತಿತ್ತು.

ಇಂಗ್ರಿಡ್ ನಿಧಾನವಾಗಿ ಹೇಳಿದಳು. "ತಿಳ್ಕೋಬೇಕು ಅನ್ನೋರಿಗೆ ಹೇಳ್ತೀವಿ. ಆದ್ರೆ ಇಲ್ಲಿ ಎಲ್ಲರ ಮುಂದೆ ಬೇಡ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ."

"ನಾನೇ ಹೇಳ್ತೀನಿ ಅವಳಿಗೆ," ಎಂದಳು ರೊವೀನಾ.

ಸಂಜೆ ಕ್ಲಿನಿಕ್ಕಿನ ಒಳಗೆ ಇಂಗ್ರಿಡ್ ಕಂಪ್ಯೂಟರ್ ತೆರೆದು ಎರಡು ಹೆಸರು ತೋರಿಸಿದಳು. ಟಲೀಶಾಗೆ ನೀರು. ರೊವೀನಾಳ ಮಗಳ ಮಗ, ಅವಳೇ ಸಾಕುತ್ತಿದ್ದ ಕೋಲ್ಬಿಗೆ ಔಷಧಿ.

ರೊವೀನಾ ಎರಡು ಹೆಸರನ್ನೂ ಇನ್ನೊಮ್ಮೆ ಓದಿದಳು. 

"ಕೋಲ್ಬಿದು ನೀನು ಹೇಳ್ಬೇಕಂತಿಲ್ಲ," ಎಂದಳು ಇಂಗ್ರಿಡ್. "ಅದು ನಿನ್ನ ಮಗುವಿನ ವಿಷಯ. ನಿಯಮಾನೇ ಹಾಗಿದೆ."

"ನಿಂಗೆ ಅಕ್ಕತಂಗೀರು ಇದಾರಾ, ಇಂಗ್ರಿಡ್?"

"ಒಬ್ಳು ಇದಾಳೆ. ದೂರ."

"ನನ್ನವಳು ಹತ್ತಿರಾನೇ ಇದಾಳೆ. ಸಮಾಧಿ ಆ ಗೇಟಿನಾಚೆ," ಎಂದು ರೊವೀನಾ ಎದ್ದು ಹೊರಗೆ ಬಂದಳು.

ಲಟೋಯಾ ಸಮುದ್ರದ ದಂಡೆಯ ಹಳೆಯ ಹುಣಸೆ ಮರದ ಕೆಳಗೆ ಗಾಳದ ದಾರ ಬಿಡಿಸುತ್ತಾ ಕೂತಿದ್ದಳು. ನೀರು ಹಿಂದೆ ಸರಿದಿತ್ತು. ದೂರದಲ್ಲಿ ಮಕ್ಕಳು ಕೆಸರಿನಲ್ಲಿ ಏಡಿ ಹುಡುಕುತ್ತಿದ್ದರು. ಟಲೀಶಾ ಅವರಿಗಿಂತ ಸ್ವಲ್ಪ ಹಿಂದೆ ಇದ್ದಳು. ಮುಂದಿನವರು ಕರೆದಾಗ ಅವಳು ತಿರುಗಿ ನೋಡುತ್ತಿರಲಿಲ್ಲ, ಅವರು ಓಡಿದಾಗ ಮಾತ್ರ ಓಡುತ್ತಿದ್ದಳು.

"ಹೇಳು ದೊಡ್ಡಮ್ಮ. ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿದೆ," ಎಂದಳು ಲಟೋಯಾ.

"ನೀರು."

ಲಟೋಯಾಳ ಬೆರಳುಗಳು ದಾರದ ಗಂಟು ಬಿಡಿಸುತ್ತಲೇ ಇದ್ದವು. "ದಿನಾ ಬೆಳಗ್ಗೆ ಮೂಗು ಹಿಡಿದು ಕುಡಿಸ್ತಿದ್ದೆ. ಕಚ್ಚೋಳು. ಒಂದು ದಿನಾನೂ ತಪ್ಪಿಸಲಿಲ್ಲ. ನೀರನ್ನ."

"ಔಷಧಿ ಕುಡಿದ ಕೆಲವು ಮಕ್ಕಳಿಗೂ ಕಿವಿ ತೂತಾಗಿದೆ, ಮಗಳೇ. ಇವಳಿಗೂ ಆಗ್ತಿತ್ತೋ ಏನೋ, ಯಾರಿಗೆ ಗೊತ್ತು. ಸೋರೋಕೆ ಶುರುವಾದ್ಮೇಲೆ ಬೇರೆ ಔಷಧಿ ಕೊಟ್ರಲ್ಲ."

"ಆಗ್ತಿತ್ತೋ ಏನೋ. ಆಗ್ದೇನೂ ಇರ್ತಿತ್ತೋ ಏನೋ." ಅವಳು ತಲೆ ಎತ್ತಿದಳು. "ಕೋಲ್ಬಿಗೆ?"

ಈ ಪ್ರಶ್ನೆ ಬರದಿರಲಿ ಎಂದು ರೊವೀನಾ ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು. "ಔಷಧಿ," ಎಂದಳು.

ಲಟೋಯಾ ಸಣ್ಣಗೆ ನಕ್ಕಳು. ಅದು ಅವಳ ತಾಯಿಯ ನಗುವಿನಂತೆಯೇ ಇತ್ತು. "ಮೊದಲನೇ ಸಲ ಸೋರಿದಾಗ ನಿನ್ನ ಹತ್ರ ಬಂದು ಈ ಸೀಸೆ ಬೇಡ, ನಿಲ್ಲಿಸಿಬಿಡ್ತೀನಿ ಅಂದಿದ್ದೆ, ನೆನಪಿದೆಯಾ?"

"ಯಾವಾಗ ಬೇಕಾದ್ರೂ ಬಿಡಬಹುದು, ಅದು ನಿನ್ನಿಷ್ಟ ಅಂದಿದ್ದೆ."

"ಹೂಂ, ಅಂದೆ. ಅಂದು ಆಮೇಲೆ ಮುಂದಿನ ವಾರದ ಸೀಸೆನ ನನ್ನ ಮೇಜಿನ ಮೇಲಿಟ್ಟು ಟೀ ಕುಡಿದು ಹೋದೆ. ಬೇರೆ ಯಾರಾದ್ರೂ ಇಟ್ಟಿದ್ರೆ ಎಸೀತಿದ್ದೆ. ಇಟ್ಟಿದ್ದು ನೀನು. ಹೆಂಗೆ ಎಸೀಲಿ?"

 ಬೇಡವೆಂದರೆ ಬಿಡಬಹುದು ಎಂಬ ಮಾತನ್ನು ರೊವೀನಾ ಊರಿನ ಪ್ರತಿ ಮನೆಯಲ್ಲೂ ಹೇಳಿದ್ದಳು, ಸುಳ್ಳು ಹೇಳಿರಲಿಲ್ಲ. ಆದರೆ ಹಾಗೆ ಹೇಳಿದವಳು ಆ ಮನೆಗಳಲ್ಲಿ ಯಾರಿಗೋ ತಾಯಿ, ಯಾರಿಗೋ ಅಕ್ಕ, ಯಾರಿಗೋ ಅಜ್ಜಿ. ಅಂಥವಳಿಗೆ ಬೇಡ ಎನ್ನುವುದು ಹೇಗೆಂದು ಯಾರಿಗೂ ಯಾರೂ ಕಲಿಸಿರಲಿಲ್ಲ.

ಲಟೋಯಾ ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡಳು. "ನಾನಿನ್ನು ಹೊರಡ್ತೀನಿ, ರೊವೀನಾ," ಎಂದಳು.

ಹೆಸರು ಹಿಡಿದು ಕರೆದಿದ್ದಳು. ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ಕರೆದವಳಲ್ಲ. ಅವಳು ಕೆಸರಿನಿಂದ ಮಗಳನ್ನು ಕರೆದುಕೊಂಡು ಹೋದಳು; ರೊವೀನಾ ಮರಕ್ಕೆ ಕೈ ಆನಿಸಿಕೊಂಡು, ತಾಯಿ ಮಗಳು ಚುಕ್ಕಿಯಷ್ಟಾಗುವ ತನಕ ನೋಡುತ್ತಾ ನಿಂತಳು.

ಊರು ಚಿಕ್ಕದು. ಮಾರನೆಯ ವಾರದ ಹೊತ್ತಿಗೆ ಅಂಗಡಿಯಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ನಲ್ಲಿಯ ಹತ್ತಿರ ಒಂದೇ ಮಾತು. ರೊವೀನಾ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿ ಒಳ್ಳೆಯದನ್ನು ತನ್ನ ಮೊಮ್ಮಗನಿಗೆ ಇಟ್ಟುಕೊಂಡಳಂತೆ. "ಎರಡೂ ಒಂದೇ ಥರ ಇತ್ತು ಕಣ್ರೇ, ನಾನೇ ನೆಕ್ಕಿ ನೋಡಿದೀನಿ," ಎಂದು ಅಂಗಡಿಯ ಹೆಂಗಸೊಬ್ಬಳು ಅವಳ ಪರ ವಹಿಸಿದಳು. "ನೀನು ನೆಕ್ಕದೇ ಬಿಟ್ಟಿರೋದು ಯಾವುದಿದೆ?" ಎಂದು ಇನ್ನೊಬ್ಬಳು ಅಂದಳು. ಎಲ್ಲರೂ ನಕ್ಕರು. ರೊವೀನಾ ಒಳಗೆ ಬಂದ ಕೂಡಲೇ ನಗು ನಿಂತಿತು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಮನೆಯಲ್ಲಿ ಕೋಲ್ಬಿ ಪಕ್ಕದ ಕೋಣೆಯ ಪಿಸುಮಾತನ್ನೂ ಕೇಳಿಸಿಕೊಂಡು, "ಅಜ್ಜಿ, ಯಾರ ಬಗ್ಗೆ ಮಾತಾಡ್ತಿದೀಯ?" ಎಂದು ಓಡಿ ಬರುತ್ತಿದ್ದ. ಹಾಗೆ ಬಂದಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು, ಹಿಂದೆಯೇ ನಾಚಿಕೆಯಾಗುತ್ತಿತ್ತು.

ಅವಳು ಕ್ಲಿನಿಕ್ಕಿನ ಗಾಡಿಯ ಕೀಲಿಯನ್ನು ಒಯ್ದು ಕ್ಲಾರೆನ್ಸ್‌ನ ಮುಂದಿಟ್ಟಳು. ಅವನು ವರಾಂಡದಲ್ಲಿ ಕೂತು ಹೆಬ್ಬಾತಿನ ಪುಕ್ಕ ಕೀಳುತ್ತಿದ್ದ.

"ನಂಗೆ ಸಾಕಾಯ್ತು, ಮಾವ."

"ಸಾಕಾಗಿರುತ್ತೆ."

"ಬೇರೆ ಯಾರನ್ನಾದ್ರೂ ಇಟ್ಕೊಳ್ಲಿ."

"ಇಟ್ಕೋತಾರೆ. ಡಾರ್ವಿನ್‌ನಿಂದ ಯಾವುದೋ ಬಿಳಿ ಹುಡುಗೀನ ತರ್ತಾರೆ. ಅವಳನ್ನ ಬಯ್ಯೋಣ ಅಂದ್ರೆ ನನಗೆ ಅಷ್ಟು ಇಂಗ್ಲಿಷ್ ಬರಲ್ಲ." ಅವನು ಕೀಲಿಯನ್ನು ಕಾಲಿನಿಂದ ಅವಳ ಕಡೆಗೇ ತಳ್ಳಿದ. "ನಿನ್ನನ್ನಾದ್ರೆ ಬಯ್ಯಬಹುದು. ಅದಕ್ಕೇ ತಾನೇ ನಮ್ಮವಳೇ ಬೇಕು ಅಂತ ಅವತ್ತು ಕೇಳಿದ್ದು. ಬಯ್ಯಿಸ್ಕೋ."

ಒಳ್ಳೆಯ ಮಾತು ನಾಲ್ಕು ಹೇಳುತ್ತಾನೇನೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಅವನು ಪುಕ್ಕ ಕೀಳುತ್ತಲೇ ಇದ್ದ. ಅವಳು ಕೀಲಿ ಎತ್ತಿಕೊಂಡು ಬಂದಳು.

ಮುಂದಿನ ಸಭೆಗೆ ಇಂಗ್ರಿಡ್ ಹೊಸ ಕೆಲಸದ ಮಾತು ತಂದಿದ್ದಳು. ಅದೇ ಮಕ್ಕಳು ಶಾಲೆಗೆ ಹೋಗುವಾಗ ಅವರಿಗೆ ಎಷ್ಟು ಕೇಳಿಸುತ್ತದೆ, ಮಾತು ಹೇಗೆ ಬೆಳೆಯುತ್ತದೆ ಎಂದು ನೋಡಬೇಕಿತ್ತು. ಅವಳು ಮಾತು ಮುಗಿಸುವ ಮೊದಲೇ ಲಟೋಯಾ ಚಪ್ಪರದೊಳಗೆ ಬಂದಳು. ಹಿಂದೆ ಕೂರಲಿಲ್ಲ. ನೇರವಾಗಿ ಬಂದು ಹಿರಿಯರ ಸಾಲಿನಲ್ಲಿ ಖಾಲಿಯಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಅವಳ ವಯಸ್ಸಿನವರು ಅಲ್ಲಿ ಕೂರುವ ರೂಢಿ ಇರಲಿಲ್ಲ. ಯಾರೂ ಏಳು ಎನ್ನಲಿಲ್ಲ.

"ನೀರು ಕುಡಿದ ಮಕ್ಕಳಲ್ಲಿ ಎಷ್ಟು ಜನಕ್ಕೆ ಕಿವಿ ತೂತಿದೆ ಇನ್ನೂ?" ಎಂದು ಅವಳು ಇಂಗ್ಲಿಷ್‌ನಲ್ಲೇ ಕೇಳಿದಳು. ಭಾಷಾಂತರ ಮಾಡಲು ಎದ್ದಿದ್ದ ರೊವೀನಾ ಹಾಗೆಯೇ ನಿಂತಳು.

"ಕೆಲವರಿಗಿದೆ," ಎಂದಳು ಇಂಗ್ರಿಡ್.

"ಅವರ ಕಿವಿಯಿಂದ ನಿಮಗೆ ಉತ್ತರ ಸಿಕ್ತು. ಊರಿನ ಎಲ್ಲ ಮಕ್ಕಳಿಗೂ ಔಷಧಿ ಸಿಕ್ತು. ಅವರಿಗೇನು ಸಿಕ್ತು?"

"ಆಪರೇಷನ್‌ಗೆ ಹೆಸರು ಕೊಟ್ಟಿದೀವಿ, ಲಟೋಯಾ. ಆದ್ರೆ ಆಸ್ಪತ್ರೇಲಿ ಯಾರನ್ನ ಮೊದಲು ಕರೀತಾರೆ ಅನ್ನೋದು ನಮ್ಮ ಕೈಲಿಲ್ಲ."

"ಹಂಗಾದ್ರೆ ಮುಂದಿನ ಕೆಲಸಕ್ಕೆ ನಮ್ಮ ಮಕ್ಕಳೂ ನಿಮ್ಮ ಕೈಲಿಲ್ಲ. ನೀರು ಕುಡಿದೋರು ಮೊದಲು ಆಪರೇಷನ್‌ಗೆ ಹೋಗ್ಲಿ. ಆಮೇಲೆ ಮಾತಾಡೋಣ." ಅವಳು ತಿರುಗಿ ರೊವೀನಾಳನ್ನು ನೋಡಿದಳು. "ಇದನ್ನ ನಮ್ಮ ಭಾಷೇಲಿ ಹೇಳು. ಎಲ್ರಿಗೂ ಕೇಳಿಸ್ಲಿ. ಒಂದು ಮಾತೂ ಮೆತ್ತಗೆ ಮಾಡ್ಬೇಡ."

ರೊವೀನಾ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಕೊನೆಯಲ್ಲಿ ತನ್ನದೂ ಒಂದು ಮಾತು ಸೇರಿಸಿದಳು. "ಇದು ಆಗೋ ತನಕ ನಾನೂ ಯಾರ ಮನೆಗೂ ಒಪ್ಪಿಗೆ ಕಾಗದ ಹಿಡ್ಕೊಂಡು ಹೋಗಲ್ಲ." ಕ್ಲಾರೆನ್ಸ್ ಟೋಪಿ ಹಾಕಿಕೊಂಡ. ಅವನು ಟೋಪಿ ಹಾಕಿಕೊಂಡನೆಂದರೆ ಸಭೆ ಮುಗಿದ ಹಾಗೆ. ಲಟೋಯಾ ಯಾರ ಕಡೆಗೂ ನೋಡದೆ ಎದ್ದು ಹೋದಳು.

ಇಂಗ್ರಿಡ್ ಸುಮ್ಮನೆ ಕೂರಲಿಲ್ಲ, ಅದನ್ನು ರೊವೀನಾ ಒಪ್ಪಿಕೊಳ್ಳಲೇಬೇಕು. ತಿಂಗಳುಗಟ್ಟಲೆ ಫೋನು ಮಾಡಿ, ಯಾರ್ಯಾರದೋ ಬಾಗಿಲಲ್ಲಿ ನಿಂತು, ಬೈಸಿಕೊಂಡು, ಕಡೆಗೆ ಸರ್ಜನ್ ಒಬ್ಬರು ಹತ್ತಿರದ ಪಟ್ಟಣದ ಆಸ್ಪತ್ರೆಗೆ ಬರುವ ಹಾಗೆ ಮಾಡಿದಳು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮೊದಲನೆಯ ಸರದಿ ಟಲೀಶಾಳದು. ಗಾಡಿ ಓಡಿಸಬೇಕಾದವಳು ರೊವೀನಾ. ಲಟೋಯಾ ಮಗಳನ್ನು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಮುಂದಿನ ಸೀಟು ಖಾಲಿ ಉಳಿಯಿತು. ದಾರಿಯುದ್ದಕ್ಕೂ ಮಾತಾಡಿದ್ದು ಟಲೀಶಾ ಒಬ್ಬಳೇ. ಕಿವಿ ಮಂದವಾದ ಮಕ್ಕಳು ಮಾತಾಡುವ ಹಾಗೆ, ಜೋರಾಗಿ, ಅರ್ಧರ್ಧ ಮಾತುಗಳಲ್ಲಿ ಮಾತಾಡುತ್ತಿದ್ದಳು.

ನದಿ ದಾಟುವ ಜಾಗದಲ್ಲಿ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ನೀರಿನ ಆಳ ತೋರಿಸುವ ಅಳತೆಯ ಕಂಬ ಅರ್ಧ ಮುಳುಗಿತ್ತು. ರೊವೀನಾ ಗಾಡಿ ನಿಲ್ಲಿಸಿ ಇಳಿದು, ದಂಡೆಯ ತನಕ ಹೋಗಿ ನೋಡಿ ಬಂದಳು. "ಕಾಯ್ಬೇಕು. ಮೇಲೆ ಮಳೆ ನಿಂತಿದೆ, ಇಳಿಯುತ್ತೆ," ಎಂದಳು. ಲಟೋಯಾ ತಲೆಯಾಡಿಸಿದಳು. ಬೇರೆ ಗಾಡಿ ಯಾವುದೂ ಇರಲಿಲ್ಲ. ಮೋಡ ಚದುರಿ ಬಿಸಿಲು ಸುಡತೊಡಗಿತ್ತು. ಮರಗಳೆಲ್ಲ ನದಿಯ ಆಚೆ ದಂಡೆಯಲ್ಲಿದ್ದವು.

ಗಾಡಿಯ ನೆರಳು ಎರಡು ತುದಿಗೂ ಸಾಕಾಗುವಷ್ಟಿತ್ತು. ಮುಂದಿನ ಚಕ್ರದ ಹತ್ತಿರ ರೊವೀನಾ ಕೂತಳು, ಹಿಂದಿನ ಚಕ್ರದ ಹತ್ತಿರ ಲಟೋಯಾ. ಟಲೀಶಾ ಸ್ವಲ್ಪ ಹೊತ್ತು ಒಬ್ಬಳೇ ಕೆಸರಿನಲ್ಲಿ ಕಡ್ಡಿ ಚುಚ್ಚುತ್ತಾ ಆಡಿದಳು. ಆಮೇಲೆ ಬಂದು ಇಬ್ಬರ ನಡುವೆ ನೆಲದ ಮೇಲೆ ಮುದುಡಿ ಮಲಗಿದಳು. ಕೆಂಪು ನೀರಿನಲ್ಲಿ ಒಂದು ಮರದ ಬೊಡ್ಡೆ ತಿರುಗುತ್ತಾ ಹೋಯಿತು. ಇಬ್ಬರೂ ಅದನ್ನೇ ನೋಡಿದರು.

ಹೊತ್ತು ನೆತ್ತಿಗೇರಿದ ಹಾಗೆ ನೆರಳು ಗಾಡಿಯ ಕಡೆಗೆ ಸರಿಯಿತು. ಗಾಡಿಯ ಮೂತಿ ಗಿಡ್ಡ, ಅಲ್ಲಿ ನೆರಳು ಬೇಗ ಸವೆಯಿತು; ರೊವೀನಾಳ ಪಾದಗಳಿಗೆ ಬಿಸಿಲು ಬಂತು, ಆಮೇಲೆ ಮೊಣಕಾಲಿಗೆ. ಅವಳ ಕಡೆ ಎಂಜಿನ್ನಿನ ಬಿಸಿಯೂ ಇತ್ತು. ಲಟೋಯಾ ಮಲಗಿದ್ದ ಮಗಳ ಕೆಳಗೆ ಕೈ ತೂರಿಸಿ, ಎಚ್ಚರವಾಗದ ಹಾಗೆ ಮೆಲ್ಲಗೆ ತನ್ನ ತೊಡೆಯ ಮೇಲಕ್ಕೆ ಎಳೆದುಕೊಂಡಳು. ನೀರಿನ ಕಡೆಗೇ ನೋಡುತ್ತಾ, ಕೂತಲ್ಲಿಂದ ಒಂದು ಮೊಳದಷ್ಟು ಗಾಡಿಯ ಹಿಂತುದಿಯ ಕಡೆಗೆ ಜರುಗಿದಳು.

ರೊವೀನಾ ಅವಳ ಪಕ್ಕದಲ್ಲಿ ತೆರವಾದ ಆ ಜಾಗವನ್ನು ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ನಿಧಾನವಾಗಿ ಸರಿದು ನೆರಳಿಗೆ ಬಂದಳು.