ದುರ್ಗವ್ವನ ಕೈಯ ತಂಬಿಗೆ

ನಮ್ಮೂರಿನಲ್ಲಿ ದುರ್ಗವ್ವನ ಕೈಯಿಂದ ಯಾರೂ ಏನನ್ನೂ ಇಸಕೊಳ್ಳುತ್ತಿರಲಿಲ್ಲ. ಜಾತಿಯ ಕಾರಣಕ್ಕಲ್ಲ, ಜಗಳವೂ ಇರಲಿಲ್ಲ, ಬರೀ ಹೆದರಿಕೆ. ಹಳ್ಳದ ದಂಡೆಯ ಚೌಡಿ ಕಲ್ಲಿಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹೊಯ್ಯಬೇಕು. ತಪ್ಪಿದರೆ ಹಳ್ಳ ಮುನಿಸಿಕೊಂಡು ಬೇರೆ ಊರಿಗೆ ಹೋಗುತ್ತದೆ ಎಂಬ ನಂಬಿಕೆ. ಈ ಕೆಲಸಕ್ಕೆ ಪಾಳಿಯಿಲ್ಲ, ವಂಶವೂ ಇಲ್ಲ. ಹೊಯ್ಯುವವರ ಕೈಯಿಂದ ತಂಬಿಗೆಯನ್ನು ಯಾರು ಇಸಕೊಳ್ಳುತ್ತಾರೋ ಮುಂದೆ ಅವರದೇ ಹೊಣೆ. ಎಪ್ಪತ್ತೆರಡನೇ ಇಸವಿಯಲ್ಲಿ, ಮದುವೆಯಾಗಿ ಬಂದ ಮೂರನೇ ದಿನ, ಅತ್ತೆ "ಇದನ್ನೊಂಚೂರು ಹಿಡಿ, ಸೆರಗು ಸರಿ ಮಾಡ್ಕೋತೀನಿ" ಅಂದಳು. ದುರ್ಗವ್ವ ಹಿಡಿದಳು. ಅತ್ತೆ ಸೆರಗು ಸರಿ ಮಾಡಿಕೊಂಡು ಮಾರನೇ ದಿನವೇ ತವರಿಗೆ ಹೋಗಿ ಎರಡು ತಿಂಗಳು ಹಾಯಾಗಿ ಕೂತಳು.

ಆ ತಂಬಿಗೆಗೆ ಮಾತ್ರ ಈ ಕಟ್ಟಳೆ. ಆದರೂ ಸುಮ್ಮನೆ ಯಾಕೆ ಮೈಮೇಲೆ ಹಾಕಿಕೊಳ್ಳುವುದು ಎಂದು ಜನ ಅವಳಿಂದ ಮಜ್ಜಿಗೆ ಲೋಟವನ್ನೂ ಕುಂಕುಮದ ಬಟ್ಟಲನ್ನೂ ನೆಲಕ್ಕಿಡಿಸಿಯೇ ಎತ್ತಿಕೊಳ್ಳುತ್ತಿದ್ದರು. ಹೆತ್ತ ಮಗಳು ಪ್ರತಿಭಾ ಕೂಡ ನೆಲದಿಂದ ತಟ್ಟೆ ಎತ್ತಿಕೊಂಡೇ ಬೆಳೆದಳು. ನಾನು ಈ ಊರ ಶಾಲೆಯ ಮೇಷ್ಟ್ರು, ನಾಗಪತಿ. ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನಾನೂ ಇಸಕೊಂಡವನಲ್ಲ.

ಎರಡು ಸಾವಿರದ ಮೂರರ ಮಳೆಗಾಲ ಮುಗಿಯುತ್ತ ಬಂದಾಗ ಅರಬೈಲಿನಿಂದ ಪ್ರತಿಭಾಳ ಗಂಡ ಫೋನು ಮಾಡಿದ. ಎರಡನೇ ಬಸಿರು, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ, ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ರಾತ್ರಿಯೂ ಊರು ಬಿಟ್ಟಿರದ ದುರ್ಗವ್ವ ತಂಬಿಗೆ ಹಿಡಿದು ಮನೆಮನೆ ಹತ್ತಿದಳು. ಊರಿನ ಗಂಡಸರೆಲ್ಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡತೊಡಗಿದರು. ಕೆರಿಯಪ್ಪ ಗೌಡರು ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಹೆಂಡತಿಯ ಕೈಯಲ್ಲಿ ತುತ್ತು ಹಾಕಿಸಿಕೊಂಡರು. ನಾನು ಪರೀಕ್ಷೆಯ ಪೇಪರು ತಿದ್ದುವುದಿದೆ ಅಂದೆ. ಆಗ ಯಾವ ಪರೀಕ್ಷೆಯೂ ನಡೆದಿರಲಿಲ್ಲ.

ಅದೇ ವಾರ ಬೆಂಗಳೂರಿನಿಂದ ಅಭಿಜ್ಞಾ ಎಂಬ ಕಲಾವಿದೆ ಬಂದಿಳಿದಳು. ನೀರು ಮತ್ತು ಪುರಾಣ ಅವಳ ವಿಷಯ. ಬನವಾಸಿಯಲ್ಲಿ ವರದೆಗೆ ಇನ್ನೂರು ಮೀಟರಿನ ಹಳದಿ ಸೀರೆ ಉಡಿಸಿ ಬಂದಿದ್ದಳಂತೆ. ನದಿ ಉಟ್ಟುಕೊಂಡು ಹಾಗೇ ಹೊರಟುಹೋಯಿತಂತೆ. ನಮ್ಮೂರ ಸುದ್ದಿ ಕೇಳಿ ವಿಡಿಯೋ ಕ್ಯಾಮೆರಾ ಹಿಡಿದು ಹಳ್ಳಕ್ಕೆ ಬಂದಳು. ಊರಿಗೆ ಊರೇ ಅವಳ ಹಿಂದೆ ಬಂತು.

"ಆ ತಂಬಿಗೆ ನನಗೆ ಕೊಡ್ತೀರಾ? ನಾಳೆಯಿಂದ ನಾನೇ ಹೊಯ್ತೀನಿ," ಅಂದಳು.

"ತಂಗೀ, ಒಮ್ಮೆ ತಗೊಂಡ್ರ..." ಎಂದು ದುರ್ಗವ್ವ ಶುರು ಮಾಡಿದಳು. ಅಷ್ಟರಲ್ಲಿ ನಾನು ಜೋರಾಗಿ ಕೆಮ್ಮಿದೆ. ಗೌಡರು ಕೆಮ್ಮಿದರು. ನೋಡನೋಡುತ್ತ ಇಪ್ಪತ್ತು ಜನರಿಗೆ ಕೆಮ್ಮು ಹತ್ತಿತು. ದುರ್ಗವ್ವ ಸೊಂಟದ ಮೇಲೆ ತಂಬಿಗೆಯಿಟ್ಟುಕೊಂಡು ಕಾದಳು.

"ಮಾಸ್ತರ್ರು ಪೂರಾ ಕೆಮ್ಮಲಿ. ಆಮ್ಯಾಲ ಹೇಳ್ತೀನಿ," ಅಂದಳು. ಕೆಮ್ಮು ನಿಂತ ಮೇಲೆ ಹೇಳಿಯೂ ಹೇಳಿದಳು. "ಕೈಗೆ ತಗೊಂಡ್ರ ಬಿಡಾಕ ಬರಂಗಿಲ್ಲ. ಇವರ‍್ಯಾರೂ ತಿರುಗಿ ಇಸಗೊಳ್ಳಂಗಿಲ್ಲ. ನನ್ನ ಮಗಳ ಹತ್ರ ಹೋಗಬೇಕು, ಖರೆ. ಆದ್ರ ನಿನಗ ಮೋಸ ಮಾಡಿ ಹೋಗಂಗಿಲ್ಲ."

ನಾಚಿಕೆಯಾಯಿತು ನನಗೆ. ಅಭಿಜ್ಞಾಳ ಕಣ್ಣು ತುಂಬಿತ್ತು. "ನಾನು ಹುಡುಕ್ತಿದ್ದದ್ದು ಇದನ್ನೇ," ಎಂದು ಎರಡೂ ಕೈ ಚಾಚಿದಳು. ದುರ್ಗವ್ವನ ಬೆರಳು ಮಾತ್ರ ಬಿಡಲೊಲ್ಲವು. ಕೈಗೆ ಕೊಡುವುದು ಹೇಗೆಂದೇ ಅವಳಿಗೆ ಮರೆತುಹೋಗಿತ್ತು. ಅಭ್ಯಾಸಬಲದಿಂದ ನೆಲಕ್ಕಿಡಲು ಬಗ್ಗಿದಳು. ಅಭಿಜ್ಞಾ ನಡುದಾರಿಯಲ್ಲೇ ಹಿಡಿದುಕೊಂಡಳು. ಮಧ್ಯಾಹ್ನದ ಯಲ್ಲಾಪುರ ಬಸ್ಸಿನಲ್ಲಿ ದುರ್ಗವ್ವ ಹೋದಳು, ಬರಿಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಒಂದರೊಳಗೊಂದು ಹಿಡಿದುಕೊಂಡು.

ಅಭಿಜ್ಞಾ ನಲವತ್ತು ದಿನ ನೀರು ಹೊಯ್ದಳು. ಆಮೇಲೆ ಬೆಂಗಳೂರಿನಲ್ಲಿ ಅವಳ ಪ್ರದರ್ಶನವಿತ್ತು. ನಾವು ಯಾರೂ ಇಸಕೊಳ್ಳದ್ದರಿಂದ ತಂಬಿಗೆಯನ್ನು ಜೊತೆಗೇ ಒಯ್ದು, ಬಂದವರಿಗೆಲ್ಲ ವಿಷಯ ತಿಳಿಸಿಯೇ ಅದನ್ನು ಮುಂದೆ ಮಾಡಿದಳಂತೆ. ಇನ್ನೂರ ಆರು ಜನ ಒಬ್ಬರ ಕೈಯಿಂದೊಬ್ಬರು ಇಸಕೊಂಡರು. ಕಲೆ ಎಂದರೆ ನಂಬುವ ಅಗತ್ಯವಿಲ್ಲ ಎಂದುಕೊಂಡಿರಬೇಕು. ಪ್ರದರ್ಶನ ಶುರುವಾದ ಮಾರನೇ ಬೆಳಿಗ್ಗೆಯಿಂದ ದಿನಕ್ಕೊಬ್ಬರಂತೆ ಶಿರಸಿಯ ಕಡೆಯಿಂದ ಮೊದಲ ಬಸ್ಸಿಗೆ ಬಂದು ಇಳಿಯುತ್ತಾರೆ. ಒಬ್ಬ ಬ್ಯಾಂಕ್ ಮ್ಯಾನೇಜರು, ಒಬ್ಬಳು ಹಲ್ಲಿನ ಡಾಕ್ಟರು, ಬಾಗಿಲಿಗೆ ತಲೆ ಬಡಿಸಿಕೊಳ್ಳುವಷ್ಟು ಎತ್ತರದ ಜರ್ಮನಿಯವನು. ಯಾಕೆ ಬಂದಿರಿ ಅಂದರೆ, ನಿದ್ದೆ ಬರಲಿಲ್ಲ ಅನ್ನುತ್ತಾರೆ. ತಂಬಿಗೆ ಬೆಂಗಳೂರಿನಲ್ಲೇ ಉಳಿದದ್ದರಿಂದ ಬಾಟಲಿ ನೀರನ್ನೇ ಕಲ್ಲಿಗೆ ಹೊಯ್ದು ಮುಂದಿನ ಬಸ್ಸಿಗೆ ಹೋಗುತ್ತಾರೆ. ಹಳ್ಳ ಇದ್ದಲ್ಲೇ ಇದೆ.

ಮೂರು ತಿಂಗಳ ಮೇಲೆ ದುರ್ಗವ್ವ ಮಗಳು, ಮೊಮ್ಮಗುವಿನೊಡನೆ ಬಂದಳು. ಇನ್ನು ಹೆದರಿಕೆಯಿಲ್ಲವಲ್ಲ ಎಂದು ನಾವೆಲ್ಲ ಮಗು ನೋಡಲು ಹೋದೆವು. ಗೌಡರ ಬ್ಯಾಂಡೇಜೂ ಬಿಚ್ಚಿತ್ತು. ದುರ್ಗವ್ವ ಚಹಾ ಕಾಸಿದಳು. ಜಗಲಿಯಲ್ಲಿ ಕೂತಿದ್ದ ಪ್ರತಿಭಾ ಕೈ ಚಾಚಿ "ತಾ ಅವ್ವಾ," ಅಂದಳು. ತಾಯಿ ಲೋಟವನ್ನು ಅವಳ ಕೈಗೇ ಕೊಟ್ಟಳು. ಬಿಸಿ ಲೋಟ, ಆದರೂ ಇಬ್ಬರೂ ಸ್ವಲ್ಪ ಹೊತ್ತು ಹಿಡಿದೇ ಇದ್ದರು. ನಾನೂ ಕೈ ಚಾಚಿದೆ.

ದುರ್ಗವ್ವ ನನ್ನ ಲೋಟವನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಈಗ ಎಂತ ಹೆದರಿಕೆ ದುರ್ಗವ್ವಾ? ಕೈಗೇ ಕೊಡು," ಅಂದೆ.

"ನಿಮಗಿಲ್ಲ, ನನಗೂ ಇಲ್ಲ. ಎತ್ತಿಕೊಳ್ರಿ ಮಾಸ್ತರ, ಆರತೈತಿ," ಅಂದಳು, ಉಳಿದ ಲೋಟಗಳನ್ನೂ ಸಾಲಾಗಿ ನೆಲಕ್ಕಿಡುತ್ತ.

ನಾನು ಬಗ್ಗಿದೆ. ಪಕ್ಕದಲ್ಲಿ ಗೌಡರೂ ಬಗ್ಗಿದರು.