ಕುಸಿದ ಪುಡ್ಡಿಂಗ್

"ಇದನ್ನ ಪುಡ್ಡಿಂಗ್ ಅಂತೀಯಲ್ಲ ಮಗಾ, ಎರಡು ಬಾರು ಹೊಲಿದ್ರೆ ಕಾಲಿಗೆ ಹಾಕ್ಕೊಂಡು ಓಡಾಡಬಹುದು" ಎಂದಳು ಈನಿಡ್ ಅಕ್ರಾಯ್ಡ್. ಲೀಡ್ಸಿನ ಸ್ಟುಡಿಯೋ ಇಡೀ ಗೊಳ್ಳೆಂದಿತು. ಮುಖಕ್ಕೆ ಪೌಡರ್ ಬಳಿಯುವ ಹುಡುಗಿ ಕೂಡ ನಕ್ಕಳು.

ಕೀತ್ ಸಗ್ಡೆನ್‌ನ ಕಿವಿ ಕೆಂಡವಾಯಿತು. ಹದಿನೈದಕ್ಕೇ ಸ್ಕೂಲು ಬಿಟ್ಟು ಹೋಟೆಲುಗಳ ಬೆಂಕಿಯಲ್ಲಿ ಬೆಂದು ಬಂದವನು. ಈಕೆ ಕ್ಯಾಮೆರಾ ಮುಂದೆ ಬೇಯಿಸುವುದನ್ನೆಲ್ಲ ಮೊದಲೇ ಒಮ್ಮೆ ಮಾಡಿ ಕಟ್ಟೆಯ ಕೆಳಗೆ ಬಚ್ಚಿಡುವುದು ಅವನ ಕೆಲಸ. ಮೇಲಿನದು ಕೆಟ್ಟರೆ ಕೆಳಗಿನದು ಮೇಲೆ ಬರುತ್ತದೆ, ಟೀವಿ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಇವತ್ತಿನದು ಸಿಹಿಯಲ್ಲ, ಮಾಂಸದ ಗ್ರೇವಿ ಜೊತೆ ತಿನ್ನುವ ಉಬ್ಬಿದ ಪುಡ್ಡಿಂಗ್. ಹಲ್ಲು ಕಚ್ಚಿ ಇನ್ನೊಂದು ಮಾಡಿಟ್ಟ.

ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಅಡುಗೆ ಬರೆದವಳು ಆಕೆ. ಆಕೆಯ ಪುಸ್ತಕವಿಲ್ಲದ ಮನೆ ಆ ಯಾರ್ಕ್‌ಷೈರ್ ಸೀಮೆಯಲ್ಲಿರಲಿಲ್ಲ. ಕೀತನ ಅಮ್ಮನ ಪ್ರತಿಯಂತೂ ಬೆಣ್ಣೆ ಹತ್ತಿ ಹಾಳೆಗೆ ಹಾಳೆ ಅಂಟಿತ್ತು. ಆಮೇಲೆ ಟೀವಿ. ಆದರೆ ನೇರಪ್ರಸಾರ ಇವತ್ತೇ ಮೊದಲು. ಮುದುಕಿ ಎಡವಿದರೆ ಕಾರ್ಯಕ್ರಮ ಲಂಡನ್ನಿನ ಹೊಸ ಹುಡುಗಿಗೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಎಡವಲಿ, ಅಂದುಕೊಂಡ ಕೀತ್.

ಪುಡ್ಡಿಂಗ್ ಉಬ್ಬುವಾಗ ಓವನ್ ಬಾಗಿಲು ತೆಗೆಯಬಾರದು, ತೆಗೆದರೆ ಕುಸಿಯುತ್ತದೆ ಅನ್ನುವುದು ಯಾರ್ಕ್‌ಷೈರಿನ ಹಾಲುಗೂಸಿಗೂ ಗೊತ್ತು. ಆಕೆ ಹಿಟ್ಟು, ಮೊಟ್ಟೆ, ಹಾಲು ಕಲಸಿ ಹೊಗೆಯಾಡುವ ಕೊಬ್ಬಿಗೆ ಹೊಯ್ದು ಒಳಗಿಟ್ಟಳು. ಕ್ಯಾಮೆರಾ ಗ್ರೇವಿಯ ಕಡೆ ತಿರುಗಿತು. ಕೀತ್ ಬಗ್ಗಿ ಬಾಗಿಲು ತೆಗೆದ; ತಣ್ಣನೆ ಗಾಳಿ ನುಗ್ಗುವಷ್ಟು ಹೊತ್ತು ಹಿಡಿದು, ಮುಚ್ಚಿದ.

ಹೊರಗೆ ಬಂದಾಗ ನಡು ಕುಸಿದು ಹಳ್ಳ ಬಿದ್ದಿತ್ತು. ನಿರ್ದೇಶಕ ಕೆಳಗೆ, ಕೆಳಗೆ ಎಂದು ಕೈಸನ್ನೆ ಮಾಡುತ್ತಿದ್ದ. ಬಗ್ಗಿ ಕೀತ್ ಮಾಡಿಟ್ಟದ್ದನ್ನು ಎತ್ತಿಕೊಂಡಿದ್ದರೆ ಮುಗಿಯುತ್ತಿತ್ತು.

ಆಕೆ ಬಗ್ಗಲಿಲ್ಲ. ತಟ್ಟೆಯನ್ನು ಕ್ಯಾಮೆರಾದ ಮೂತಿಗೇ ಹಿಡಿದಳು. "ನೋಡಿ, ಕೂತುಬಿಟ್ಟಿದೆ. ಯಾರೋ ಬಾಗಿಲು ತೆಗೆದಿದ್ದಾರೆ. ನಮ್ಮನೇಲಿ ಯಜಮಾನ್ರು ಪ್ರತಿ ಭಾನುವಾರ ತೆಗೀತಾರೆ, ಇನ್ನೂ ಬದುಕಿದ್ದಾರೆ. ಹಳ್ಳ ಬಿತ್ತಾ, ಗ್ರೇವಿ ನಿಲ್ಲೋಕೆ ಜಾಗ ಆಯ್ತು." ಹೊಯ್ದಳು. ಮುರಿದು ಬಾಯಿಗಿಟ್ಟಳು.

ಸಾಸ್ ಒಡೆದದ್ದಕ್ಕೆ ಬಾಣಲೆಯನ್ನು ಗೋಡೆಗೆಸೆದ ದೊಡ್ಡ ದೊಡ್ಡ ಬಾಣಸಿಗರನ್ನು ಕೀತ್ ನೋಡಿದ್ದ. ಹೀಗೆ ದೇಶದ ಮುಂದೆ ಕೆಟ್ಟದ್ದನ್ನು ಎತ್ತಿ ಹಿಡಿದವರನ್ನು ನೋಡಿರಲಿಲ್ಲ. ಮೈಮೇಲಿನ ರೋಮ ಎದ್ದು ನಿಂತಿತು.

ಮುಗಿಯುವ ಮೊದಲೇ ಫೋನುಗಳು ಬಡಕೊಳ್ಳತೊಡಗಿದವು. ನಮ್ಮದೂ ಹಾಗೇ ಕೂರುತ್ತೆ, ಇಷ್ಟು ದಿನ ನಾಚಿಕೆಪಟ್ಟು ನಾಯಿಗೆ ಹಾಕ್ತಿದ್ವಿ ಎಂದು ಹೆಂಗಸರು ಹೇಳಿಕೊಂಡರಂತೆ. ಲಂಡನ್ನಿನ ಹುಡುಗಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಏಪ್ರನ್ ಬಿಚ್ಚುತ್ತ ಆಕೆ ಕೀತನ ಪಕ್ಕ ಬಂದು ನಿಂತಳು. ಈ ಸಲ ಯಾರಿಗೂ ಕೇಳಿಸದ ಹಾಗೆ ಮಾತಾಡಿದಳು. "ಎರಡನೇ ಸಲ ಮಾಡಿದ್ಯಲ್ಲ, ಅದು ಚೆನ್ನಾಗಿತ್ತು ಕಣೋ. ಬಾಗಿಲು ತೆಗೆದೋನು ಮುಂದಿನ ವಾರ ಬರ್ತಾನೋ, ಇಲ್ವೋ?"

ಕೀತ್ ತನ್ನ ಏಪ್ರನ್ ಬಿಚ್ಚಿ, ಮುಂದಿನ ವಾರಕ್ಕೆಂದು ಮಡಿಚಿ ಕಟ್ಟೆಯ ಕೆಳಗಿಟ್ಟ. ತಟ್ಟೆಯಲ್ಲಿ ಉಳಿದಿದ್ದ ಕುಸಿದ ಚೂರನ್ನು ಬಾಯಿಗೆ ಹಾಕಿಕೊಂಡ. ಕೋಟು ಎಳೆದುಕೊಂಡು, ಅಗಿಯುತ್ತ, ತಲೆ ತಗ್ಗಿಸಿ ಬಾಗಿಲ ಕಡೆ ನಡೆದ.